ನೊರೆ ಇಳಿಯುವ ತನಕ ತೊಳೆಯುವವರು

ಬೆಳಗಿನ ಐದೂವರೆ. ಸಂಶೋಧನಾಲಯದ ನೆಲಮಾಳಿಗೆಯಲ್ಲಿ ಹೆಂಗಸೊಬ್ಬರು ತೊಟ್ಟಿಯಿಂದ ಸ್ವಲ್ಪ ನೀರು ತುಂಬಿದ ಗಾಜಿನ ಕೊಳವೆಯ ಬಾಯಿಗೆ ಹೆಬ್ಬೆರಳು ಒತ್ತಿ ಜೋರಾಗಿ ಕುಲುಕುತ್ತಾರೆ. ದೀಪದ ಬೆಳಕಿಗೆ ಹಿಡಿದು ಒಂದರಿಂದ ಇಪ್ಪತ್ತು ಎಣಿಸುತ್ತಾರೆ. ನೀರಿನ ಮೇಲೆ ನೊರೆ ಇನ್ನೂ ಕೂತೇ ಇದೆ. "ಹಾಳಾದ್ದು" ಎಂದು ಚೆಲ್ಲಿ, ತೊಟ್ಟಿಯ ನೀರನ್ನೆಲ್ಲ ಬದಲಾಯಿಸುತ್ತಾರೆ. ಪಕ್ಕದಲ್ಲಿ ಕುರ್ಚಿಯಿದೆ. ಅದರ ಮೇಲೆ ಅವರು ಕೂತದ್ದನ್ನು ಕಂಡವರಿಲ್ಲ.

ತೊಟ್ಟಿಯಲ್ಲಿರುವುದು ಹಂದಿಯ ಚರ್ಮ, ಅಂಗೈಯಗಲದ ಹನ್ನೆರಡು ತುಂಡು. ಸೋಪಿನಂಥ ದ್ರಾವಣದಲ್ಲಿ ಎರಡು ದಿನ ಅಲುಗಾಡಿಸಿದರೆ ಒಳಗಿನ ಜೀವಕೋಶಗಳೆಲ್ಲ ಕರಗಿಹೋಗಿ ಬೆಳ್ಳಗಿನ ನಾರಿನ ಹಂದರ ಉಳಿಯುತ್ತದೆ. ಆಮೇಲೆ ಎರಡು ದಿನ ಬರೀ ನೀರಿನ ತೊಳೆತ. ಹಂದರವನ್ನು ಒಣಗಿಸಿ, ಪುಡಿಮಾಡಿ, ಶಾಯಿಯಂತೆ ಕಲಸಿ, ಮನುಷ್ಯರ ಜೀವಂತ ಕೋಶ ಬೆರೆಸಿ ಯಂತ್ರದಲ್ಲಿ ಪದರ ಪದರವಾಗಿ ಮುದ್ರಿಸುತ್ತಾರೆ. ಅದಕ್ಕೂ ಮೊದಲು ತೊಳೆದ ತುಂಡಿನ ಮೇಲೆ ಒಂದಿಷ್ಟು ಕೋಶ ಬಿತ್ತಿ, ಬದುಕುತ್ತವೆಯೇ ಎಂದು ನೋಡುತ್ತಾರೆ. ಸುಟ್ಟ ಗಾಯಕ್ಕೆ ಹೊದಿಸುವ ಚರ್ಮ ತಯಾರಿಸಬೇಕೆಂಬುದು ಇಲ್ಲಿನವರ ಹಂಬಲ. ಕೆಲಸ ಇನ್ನೂ ಪ್ರಯೋಗದ ಹಂತದಲ್ಲಿದೆ. ಹಂದರದಲ್ಲಿ ಚೂರು ಸೋಪು ಉಳಿದರೂ ಹೊಸ ಕೋಶ ಸಾಯುತ್ತದೆ. ಆ ಸೋಪು ಬಿಡಿಸುವವರು ಈಕೆ. ಎಲ್ಲರ ಬಾಯಲ್ಲೂ ನೊರೆಯಕ್ಕ.

ಐವತ್ತಮೂರರ ನೊರೆಯಕ್ಕ ಹತ್ತೊಂಬತ್ತು ವರ್ಷ ಆಸ್ಪತ್ರೆಯಲ್ಲಿ ಬಟ್ಟೆ ಒಗೆದವರು. ಸುಟ್ಟಗಾಯದ ವಾರ್ಡಿನ ಹಾಸುಬಟ್ಟೆಗಳೆಲ್ಲ ಇವರ ಪಾಲಿಗೇ ಬರುತ್ತಿದ್ದವು. "ಬಟ್ಟೇಲಿ ಸೋಪು ಉಳಿದ್ರೆ ರೋಗಿಗೆ ಉರಿ. ಆ ಕೂಗು ಕೇಳಿದವರಿಗೆ ಗೊತ್ತು. ಕೊನೇ ನೀರು ಕುಲುಕಿ ನೋಡೋದು ಅಲ್ಲೇ ಕಲಿತದ್ದು" ಎನ್ನುತ್ತಾರೆ. ಆಸ್ಪತ್ರೆ ಆ ಕೆಲಸವನ್ನು ಗುತ್ತಿಗೆಗೆ ಕೊಟ್ಟಾಗ ಇವರು ಬೀದಿಗೆ ಬಿದ್ದರು. ಇಲ್ಲಿಗೆ ಬಂದದ್ದು ಸೀಸೆ ತೊಳೆಯಲು. ಈಗ ಚರ್ಮ ತೊಳೆಯುವ ಕೆಲಸ: ದಿನಕ್ಕೆ ನಲವತ್ತು ಲೀಟರ್ ಶುದ್ಧ ನೀರು, ಆರು ಸಲ ಬದಲಾವಣೆ.

ಬಸ್ಸು ರಿಪೇರಿ ಮಾಡುವ ಗಂಡನಿಗೆ ಇದೆಲ್ಲ ತಮಾಷೆ. "ನಾನು ಲೋಟ ತೊಳೆದಿಟ್ರೂ ನೀರು ಹಾಕಿ ಕುಲುಕ್ತಾಳೆ. ಇನ್ನು ನನ್ನನ್ನು ಕುಲುಕಿ ನೋಡೋದೊಂದು ಬಾಕಿ."

ಇವತ್ತು ಮಾತ್ರ ನೊರೆಯಕ್ಕನ ಕಾಲು ಒಂದು ಕಡೆ ನಿಲ್ಲುತ್ತಿಲ್ಲ. ಕಳೆದ ತಿಂಗಳು ನೊರೆ ನಿಂತಿದೆ ಎಂದು ಇವರು ಬಡಕೊಂಡರೂ ಕೇಳದೆ, ತೊಳೆತದ ನಲವತ್ತೆಂಟು ಗಂಟೆ ಮುಗಿಯಿತೆಂದು ಮೇಲಿನ ಮಹಡಿಯ ಸಂಶೋಧಕರು ಚರ್ಮ ಎತ್ತಿಕೊಂಡು ಹೋದರು. ಬಿತ್ತಿದ ಕೋಶಗಳೆಲ್ಲ ಸತ್ತವು. ತಪ್ಪು ಮೇಲಿನ ಮಹಡಿಯದು, ಬೈಗುಳ ನೆಲಮಾಳಿಗೆಗೆ. ಇನ್ನೊಮ್ಮೆ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದಿದ್ದಾರೆ ಸಂಶೋಧನಾಲಯದ ಮುಖ್ಯಸ್ಥೆ.

ಎಂಟಕ್ಕೆ ಸಂಶೋಧನೆಯ ಹುಡುಗಿ ತಟ್ಟೆ ಹಿಡಿದು ಬರುತ್ತಾಳೆ.

"ಅಕ್ಕಾ, ನಲವತ್ತೆಂಟು ಗಂಟೆ ಆಯ್ತು. ಕೊಡಿ."

"ಗಂಟೆ ಆಗಿದೆ. ಚರ್ಮ ಆಗಿಲ್ಲ."

"ಮೂರು ವಾರ ಕೂತು ಕೋಶ ಬೆಳೆಸಿದೀನಿ. ಇವತ್ತೇ ಬಿತ್ತಬೇಕು."

"ಬಿತ್ತಿ ಸಾಯಿಸೋಕಾ? ಈ ಸಲದ ಹಂದಿ ವಯಸ್ಸಾದ್ದು. ದಪ್ಪ ಚರ್ಮ ಬೇಗ ಸೋಪು ಬಿಡಲ್ಲ ಕಣಮ್ಮ. ತಗೋ, ನೀನೇ ಕುಲುಕು."

ಹುಡುಗಿ ಕುಲುಕುತ್ತಾಳೆ. ಇಪ್ಪತ್ತು ಎಣಿಸಿದರೂ ನೊರೆ ಜಪ್ಪಯ್ಯ ಅನ್ನುವುದಿಲ್ಲ.

"ಎಷ್ಟು ಹೊತ್ತು ಬೇಕು?"

"ಮಧ್ಯಾಹ್ನ ಆಗುತ್ತೆ."

"ಮೇಡಂ ನನ್ನ ಚರ್ಮ ಸುಲೀತಾರೆ."

"ಸುಲಿದ್ರೆ ಇಲ್ಲಿಗೇ ಕಳಿಸ್ಲಿ, ತೊಳೆದುಕೊಡ್ತೀನಿ."

ಅಲ್ಲಿಂದ ಅರ್ಧ ಗಂಟೆಗೊಮ್ಮೆ ಹೊಸ ನೀರು. ನೀರು ಬದಲಾಯಿಸುವುದು, ಬಾಗಿಲ ತನಕ ಹೋಗುವುದು, ಮರಳಿ ಬಂದು ಕುಲುಕುವುದು. ಮೇಲಿನಿಂದ ಎರಡು ಸಲ ಫೋನ್ ಬಡಿದುಕೊಳ್ಳುತ್ತದೆ. ಇವರು ಎತ್ತುವುದಿಲ್ಲ. ಹನ್ನೆರಡೂಕಾಲಿಗೆ ಎದ್ದ ನೊರೆ ಏಳು ಎಣಿಸುವಷ್ಟರಲ್ಲಿ ಒಡೆದುಹೋಗುತ್ತದೆ. ನಂಬದೆ ಮತ್ತೆ ಕುಲುಕುತ್ತಾರೆ. ಈ ಸಲ ಐದಕ್ಕೇ ಒಡೆಯುತ್ತದೆ. ಚರ್ಮದ ತುಂಡುಗಳನ್ನು ತಟ್ಟೆಗೆ ಜೋಡಿಸಿ, ಕಾಯುತ್ತ ನಿಂತ ಹುಡುಗಿಯ ಕೈಗಿಟ್ಟು, "ಓಡು" ಎನ್ನುತ್ತಾರೆ.

ಮೂರನೆಯ ದಿನ ಸೂಕ್ಷ್ಮದರ್ಶಕದಡಿ ಕೋಶಗಳು ಬದುಕಿವೆ. ಹಂದರಕ್ಕೆ ಕಚ್ಚಿಕೊಂಡು ಹರಡುತ್ತಿವೆ. ಮುಖ್ಯಸ್ಥೆಯಿಂದ ಒಂದು ಮಾತೂ ಬಂದಿಲ್ಲ. ಹುಡುಗಿಯೇ ಕೆಳಗಿಳಿದು ಬಂದು ಸುದ್ದಿ ಹೇಳುತ್ತಾಳೆ. ಇಲ್ಲಿಂದ ಹೊರಟ ಪ್ರಬಂಧದಲ್ಲಿ ಹದಿನಾಲ್ಕು ಹೆಸರುಗಳಿವೆ, ತೊಳೆದವರದಿಲ್ಲ. ಮುಂದಿನದರಲ್ಲಿ ಹಾಕಿಸೋಣವೇ ಎಂದು ಕೇಳುತ್ತಾಳೆ. ನೊರೆಯಕ್ಕ ಆಗಲೇ ಮುಂದಿನ ಹನ್ನೆರಡು ತುಂಡುಗಳನ್ನು ತೊಟ್ಟಿಗೆ ಇಳಿಸುತ್ತಿದ್ದಾರೆ.

"ಹೆಸರು ಹಾಕಿದ್ರೆ ಚರ್ಮ ಬೇಗ ಸೋಪು ಬಿಡುತ್ತಾ? ಅದು ನಿಮ್ಮಿಷ್ಟ. ನೀವು ಗಂಟೆ ಬರೆಯೋ ಹಾಳೆ ಇದೆಯಲ್ಲ, ಅದರಲ್ಲಿ ನೊರೆಗೂ ಒಂದು ಖಾನೆ ಹಾಕಿಸು. ನಾಳೆ ನನ್ನ ಜಾಗಕ್ಕೆ ಬರೋಳು ನನ್ನಷ್ಟು ಬಾಯಿ ಇಲ್ಲದೋಳು ಆದ್ರೂ, ಅವಳು ಇನ್ನೂ ಆಗಿಲ್ಲ ಅಂದ್ರೆ ನೀವು ಕಾಯಬೇಕು."