ಭೂಗೋಳದ ಪುಸ್ತಕದೊಳಗಿನ ಕಾಗದ

ಮಸ್ಕತ್ತಿನ ಖುರುಮ್‌ ಬಡಾವಣೆಯ ಕಣ್ಣಿನ ಕ್ಲಿನಿಕ್ಕಿನಲ್ಲಿ ಕ್ಯಾರೋಲಿನ್ ಒಂಬತ್ತು ವರ್ಷದಿಂದ ರಿಸೆಪ್ಶನಿಸ್ಟ್. ಮಂಗಳೂರಿನ ಬಿಜೈಯವಳು ಎಂದೇ ಎಲ್ಲರಿಗೂ ಪರಿಚಯ. ಹುಟ್ಟಿ ಬೆಳೆದದ್ದು ಆಫ್ರಿಕದ ಟಾಂಗನಿಕಾದಲ್ಲಿ, ಅಪ್ಪ ಅಲ್ಲಿ ರೈಲ್ವೆ ಗುಮಾಸ್ತರಾಗಿದ್ದರು ಎಂಬುದು ಗಂಡ ಎಲಿಯಾಸನನ್ನು ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಯಾರಾದರೂ ಆ ದೇಶದ ಸುದ್ದಿ ಎತ್ತಿದರೆ ಅವಳು ಬೇರೆ ಮಾತು ತೆಗೆಯುತ್ತಿದ್ದಳು.

೧೯೮೮ರ ಒಂದು ಬೆಳಿಗ್ಗೆ ಅಬಾಯ ತೊಟ್ಟ ಹೆಂಗಸೊಬ್ಬಳು ತನ್ನ ಮುದಿ ತಾಯಿಯನ್ನು ಕೈಹಿಡಿದು ಕರೆತಂದಳು. ಮುದುಕಿಗೆ ಎರಡೂ ಕಣ್ಣಿಗೆ ಪೊರೆ. ಅವಳು ಹೊಸ್ತಿಲು ಎಡವಿದಾಗ ಕ್ಯಾರೋಲಿನ್ ಬಾಯಿಂದ ತಾನಾಗಿಯೇ ಹೊರಟಿತು: "ಪೋಲೆ ಪೋಲೆ, ಮಾಮಾ." ನಿಧಾನ, ಅಮ್ಮಾ. ಇಪ್ಪತ್ತು ವರ್ಷದಿಂದ ಆಡದ ಸ್ವಾಹಿಲಿ. ಮುದುಕಿಯ ಮುಖ ಅರಳಿತು. ಆಫ್ರಿಕದಿಂದ ಮರಳಿದ ಒಮಾನಿಗಳು ಮಸ್ಕತ್ತಿನಲ್ಲಿ ಬೇಕಾದಷ್ಟು ಜನರಿದ್ದರು, ಅದರಲ್ಲೇನೂ ವಿಶೇಷವಿಲ್ಲ.

"ಜೊತೆಗೆ ಬಂದವರ ಹೆಸರು?"

"ಝುವೈನಾ."

ಕ್ಯಾರೋಲಿನ್‌ಳ ಪೆನ್ನು ನಿಂತಿತು. ತಲೆ ಎತ್ತಿ ನೋಡಿದರೆ ಎಡ ಹುಬ್ಬನ್ನು ಸೀಳಿದ ಗಾಯದ ಗುರುತು. ಶಾಲೆಯ ಪೇರಳೆ ಮರದಿಂದ ಬಿದ್ದಾಗ ಆದದ್ದು. ಝುವೈನಾ ಕೂಡ ಇವಳ ಎದೆಯ ಮೇಲಿನ ಹೆಸರಿನ ಪಟ್ಟಿ ಓದಿದಳು. ತಾಯಿಯ ಪಕ್ಕ ಹೋಗಿ ಕೂತಳು.

ಟಾಂಗನಿಕಾದ ಬೆಟ್ಟವೊಂದರ ಮೇಲಿನ ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಇಬ್ಬರ ಮಂಚವೂ ಅಕ್ಕಪಕ್ಕ. ಬೆಳಿಗ್ಗೆ ಐದೂವರೆಗೆ ಗಂಟೆ, ಮಂಜಿನಲ್ಲಿ ತಣ್ಣೀರ ಸ್ನಾನ, ಜೋಳದ ಹಿಟ್ಟಿನ ಗಂಜಿ. ಇಂಗ್ಲಿಷ್ ಬಿಟ್ಟು ಮನೆಮಾತು ಆಡಿ ಸಿಕ್ಕಿಬಿದ್ದವಳ ಕೊರಳಿಗೆ ಮರದ ಬಿಲ್ಲೆ. ಸಂಜೆ ಅದು ಯಾರ ಕೊರಳಲ್ಲಿರುತ್ತದೋ ಅವಳಿಗೆ ಊಟವಿಲ್ಲ. ಕ್ಯಾರೋಲಿನ್ ಎಷ್ಟೋ ಸಲ ಹಸಿದಿದ್ದಾಗ ಝುವೈನಾ ತನ್ನ ಪಾಲಿನ ಬಾಳೆಹಣ್ಣನ್ನು ಲಂಗದೊಳಗೆ ಮುಚ್ಚಿಟ್ಟು ತಂದಿದ್ದಳು. ಝುವೈನಾಳಿಗೆ ಓದೆಂದರೆ ಪ್ರಾಣ. ಲೆಕ್ಕದಲ್ಲಿ ತರಗತಿಗೇ ಮೊದಲು. ಟೀಚರ್ ಆಗುತ್ತೇನೆ ಎನ್ನುತ್ತಿದ್ದಳು.

ಹದಿನಾಲ್ಕರ ವಯಸ್ಸಿನಲ್ಲಿ ಕ್ಯಾರೋಲಿನ್, ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸಲು ಬರುತ್ತಿದ್ದ ಗಂಡು ಮಕ್ಕಳ ಶಾಲೆಯ ಹುಡುಗನಿಗೆ ಒಂದು ಪ್ರೇಮಪತ್ರ ಬರೆದಳು. ಕೊಡಲು ಧೈರ್ಯ ಬರಲಿಲ್ಲ. ಝುವೈನಾಳಿಂದ ತಂದಿದ್ದ ಭೂಗೋಳದ ಪುಸ್ತಕದಲ್ಲಿ ಸಿಕ್ಕಿಸಿಟ್ಟಳು, ಮರೆತು ಪುಸ್ತಕ ಹಿಂದಿರುಗಿಸಿದಳು. ಮರುದಿನ ತಪಾಸಣೆಯಲ್ಲಿ ಕಾಗದ ಸಿಸ್ಟರ್ ಕೈಗೆ ಬಿತ್ತು. ಅದರಲ್ಲಿ ಹೆಸರಿರಲಿಲ್ಲ. ಅಕ್ಷರ ನೋಡಿ ಹೇಳೋಣವೆಂದರೆ ಎಲ್ಲ ಹುಡುಗಿಯರದ್ದೂ ಸಿಸ್ಟರುಗಳೇ ತಿದ್ದಿಸಿದ ಒಂದೇ ಅಚ್ಚಿನ ಓರೆ ಬರಹ. ಪುಸ್ತಕ ಝುವೈನಾಳದ್ದು. "ನಾನು ಬರೆದಿಲ್ಲ" ಎಂದು ಅವಳು ಎರಡು ಸಲ ಹೇಳಿದಳು. ಸಾಲಿನಲ್ಲಿ ನಿಂತಿದ್ದ ಕ್ಯಾರೋಲಿನ್ ತನ್ನ ಬೂಟಿನ ಲೇಸು ನೋಡುತ್ತಾ ನಿಂತಳು. ಝುವೈನಾಳನ್ನು ಶಾಲೆಯಿಂದ ಹೊರಹಾಕಿದರು. ಸಂಜೆ ಅವಳ ಅಪ್ಪನ ಲಾರಿ ಬಂದು ಕರೆದುಕೊಂಡು ಹೋಯಿತು.

ಆಮೇಲೆ ಮಂಗಳೂರಿನಲ್ಲೂ ಮಸ್ಕತ್ತಿನ ರೂವಿಯ ಚರ್ಚಿನಲ್ಲೂ ಪಾದ್ರಿಗಳ ಮುಂದೆ ಎಷ್ಟೋ ಬಾರಿ ಅವಳು ಈ ಪಾಪ ನಿವೇದಿಸಿದ್ದುಂಟು. ಅವರು ಕ್ಷಮೆ ಸಾರುತ್ತಿದ್ದರು. ಅವರಿಗೇನು, ಅವರು ಝುವೈನಾಳನ್ನು ಕಂಡವರಲ್ಲ.

"ನೀನೆಂತ ಮಾರಾಯ್ತಿ, ಆಗ ನೀನು ಸಣ್ಣ ಹುಡುಗಿ. ಅವಳಿಗೆ ನೆನಪಾದ್ರೂ ಉಂಟಾ?" ಎಂದ ಎಲಿಯಾಸ್, ಅವತ್ತು ರಾತ್ರಿ ಕ್ಲಿನಿಕ್ಕಿನ ಸಂಗತಿ ಕೇಳಿ.

ನೆನಪಿತ್ತು. ತಾಯಿಗೆ ಆಪರೇಶನ್ ಆದ ದಿನ ಕಾರಿಡಾರಿನಲ್ಲಿ ಕ್ಯಾರೋಲಿನ್ ಬಾಯಿ ತೆರೆಯುವ ಮೊದಲೇ ಝುವೈನಾ ಹೇಳಿದಳು: "ಆ ಕಾಗದ ನಿನ್ನದೇ ಅಂತ ನನಗೆ ಅವತ್ತೇ ಗೊತ್ತಿತ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ನೀನೇ ಹೇಳ್ತೀಯ ಅಂತ ಕಾದೆ. ಲಾರಿ ಬೆಟ್ಟ ಇಳಿಯುವವರೆಗೂ ಹಿಂದೆ ತಿರುಗಿ ನೋಡ್ತಾ ಇದ್ದೆ, ನೀನು ಓಡಿ ಬರ್ತೀಯ ಅಂತ."

ಝುವೈನಾ ದನಿ ಏರಿಸಲಿಲ್ಲ. "ನಾಲ್ಕು ತಿಂಗಳಲ್ಲಿ ಮದುವೆ ಮಾಡಿದರು. ಅದು ಇರಲಿ. ಅಮ್ಮ ಇವತ್ತಿಗೂ ನಾನೇ ಬರೆದೆ ಅಂತ ನಂಬಿದ್ದಾಳೆ. ನನ್ನ ಹೆಣ್ಣುಮಕ್ಕಳನ್ನೂ ಅದೇ ಅನುಮಾನದಿಂದ ಕಾಯ್ತಾಳೆ. ಅವಳ ಮುಂದೆ ಬಂದು ಹೇಳು."

ಎರಡು ವಾರ ಬಿಟ್ಟು ಒಂದು ಶುಕ್ರವಾರ ಕ್ಯಾರೋಲಿನ್ ಸೀಬ್‌ನಲ್ಲಿದ್ದ ಅವರ ಮನೆಗೆ ಹೋದಳು. ಎಲಿಯಾಸ್ ಕಾರಿನಲ್ಲೇ ಉಳಿದ. ಮುದುಕಿ ಹೊಸ ಕನ್ನಡಕ ಹಾಕಿ ಚಾಪೆಯ ಮೇಲೆ ಕೂತಿದ್ದಳು; ಹಲ್ವಾ, ಕಾಫಿ ಮುಂದಿಟ್ಟಳು. ಕ್ಯಾರೋಲಿನ್ ಮುಟ್ಟಲಿಲ್ಲ. ಮರೆತುಹೋದ ಸ್ವಾಹಿಲಿಯನ್ನು ತಡವರಿಸುತ್ತಾ ಹೆಕ್ಕಿ ಹೆಕ್ಕಿ ಎಲ್ಲವನ್ನೂ ಹೇಳಿದಳು.

ಮುದುಕಿ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು. ಆಮೇಲೆ ಕೇಳಿದಳು, "ನಿನಗೆ ಮದುವೆ ಆದದ್ದು ಯಾವಾಗ?"

"ಇಪ್ಪತ್ತಾರಕ್ಕೆ."

"ಅಲ್ಲಿವರೆಗೆ?"

"ಓದಿದೆ."

"ಇವಳೂ ಓದಬೇಕು ಅಂತ ಅಳ್ತಿದ್ದಳು." ಮುದುಕಿ ಕಾಫಿಯ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಅತ್ತಿದ್ದಕ್ಕೆ ಮತ್ತೆ ಹೊಡೆದೆ. ಕತ್ತೆ ಕಟ್ಟುವ ಹಗ್ಗದಲ್ಲಿ ಹೊಡೆದೆ. ಅಲ್ಲಾಹನ ಮೇಲೆ ಆಣೆ ಹಾಕಿದಳು, ನಾನು ಕೇಳಲಿಲ್ಲ." ಎದುರಿಗೆ ಕೂತಿದ್ದ ಮಗಳನ್ನು ಹತ್ತಿರ ಎಳೆದುಕೊಂಡು, ನಲವತ್ತು ದಾಟಿದ ಅವಳ ಬೆನ್ನನ್ನು ಅಬಾಯದ ಮೇಲಿಂದಲೇ ಸವರತೊಡಗಿದಳು. ಝುವೈನಾ ಮಗುವಿನ ಹಾಗೆ ಬಿಕ್ಕಿದಳು. ಕ್ಯಾರೋಲಿನ್ ಕಡೆಗೆ ಇಬ್ಬರೂ ನೋಡಲಿಲ್ಲ.

ತನ್ನ ಭಾರ ಇಳಿಸಿಕೊಳ್ಳಲು ಬಂದವಳು ಎಪ್ಪತ್ತರ ಮುದುಕಿಯ ತಲೆಗೆ ಹೊಸ ಭಾರ ಹೊರಿಸಿದೆ ಎಂದು ಅವಳಿಗೆ ಅಲ್ಲೇ ಅನಿಸಿತು. ಚಪ್ಪಲಿ ಮೆಟ್ಟುವಾಗ ಝುವೈನಾ ಬಾಗಿಲಿಗೆ ಬಂದಳು.

"ನನ್ನನ್ನು ಕ್ಷಮಿಸ್ತೀಯಾ?"

"ಅದನ್ನ ಇವತ್ತು ಕೇಳಬೇಡ," ಎಂದಳು ಝುವೈನಾ. "ಬಂದದ್ದು ಒಳ್ಳೆಯದಾಯ್ತು."

ಆಮೇಲೆ ಮುದುಕಿ ಮೂರು ವರ್ಷ ಬದುಕಿದಳು. ಮೊಮ್ಮಗಳೊಬ್ಬಳು ಕಾಲೇಜಿಗೆ ಹೋಗುತ್ತೇನೆಂದಾಗ ಅಡ್ಡ ಬಂದ ಗಂಡಸರ ಬಾಯಿ ಮುಚ್ಚಿಸಿದ್ದು ಅವಳೇ ಎಂದು ಝುವೈನಾ ಕ್ಲಿನಿಕ್ಕಿಗೆ ಬಂದಾಗ ಹೇಳಿದಳು. ಝುವೈನಾ ತಾನೂ ನಲವತ್ತಾರನೆಯ ವಯಸ್ಸಿನಲ್ಲಿ ಹೆಂಗಸರ ಸಂಜೆ ಶಾಲೆಗೆ ಸೇರಿದಳು. ಲೆಕ್ಕ ಈಗಲೂ ಸಲೀಸಂತೆ. ಕ್ಯಾರೋಲಿನ್ "ಒಳ್ಳೆಯದು" ಎಂದಳು, ಮನಸಾರೆ ಎಂದಳು. ಆದರೆ ಆ ಖುಷಿಯಲ್ಲಿ ತನಗೆ ಪಾಲು ಕೇಳುವ ಮುಖ ಅವಳಿಗಿರಲಿಲ್ಲ. ಕ್ಷಮೆಯ ಮಾತನ್ನು ಅವಳು ಮತ್ತೆ ಎತ್ತಲಿಲ್ಲ. ಝುವೈನಾ ತಾನಾಗಿ ಹೇಳಲೂ ಇಲ್ಲ.