ಕೇಶರಬಾಯಿಯ ಕಟ್ಟೆ, ಹೇಗಿನ ಅರಮನೆ

"ಕೋರ್ಟಿಗಿ ಹೋದ್ರ ವರ್ಷ, ಕೇಶರಬಾಯಿ ಕಟ್ಟಿಗಿ ಹೋದ್ರ ಒಂದು ಕಪ್ ಚಹಾ" ಎಂದು ಔರಾದದ ಆ ಗಲ್ಲಿಯವರು ಹೇಳುತ್ತಿದ್ದರು. ನಳದ ನೀರಿನ ಜಗಳವಿರಲಿ, ಅತ್ತೆ-ಸೊಸೆಯ ಮುನಿಸಿರಲಿ, ಮನೆಮುಂದಿನ ಕಟ್ಟೆಯ ಮೇಲೆ ಕಾಲು ಚಾಚಿ ಕೂತು ಆಕೆ ಮೊದಲು ಕೇಳುವುದು ಒಂದೇ: "ನಾ ಹೇಳಿದ್ದು ಇಬ್ಬರೂ ಕೇಳ್ತೀರೇನು? ಇಲ್ಲಾಂದ್ರ ಎದ್ದು ನಡೀರಿ."

ಗಂಡ ತೀರಿದ, ಮಕ್ಕಳಿಲ್ಲದ ಆಕೆಗೆ ಆ ಕಟ್ಟೆಯೇ ಸಂಸಾರ. ಅದೇ ಮನೆಯ ಇನ್ನೊಂದು ಅರ್ಧದಲ್ಲಿ ಓರಗಿತ್ತಿ ಪಂಚಶೀಲಾ ಇದ್ದಳು. ಅವಳ ಮಗಳು ಮಹಾಮಾಯಾ ವಕೀಲಿಕೆ ಓದಿ ಪರದೇಶದ ಹೇಗ್ ಎಂಬ ಊರಿಗೆ ಕೆಲಸಕ್ಕೆ ಹೋದದ್ದೇ ತಡ, ಕೇಶರಬಾಯಿಯ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಯಿತು. ದೇಶದೇಶಗಳ ವ್ಯಾಜ್ಯ ಕೇಳುವ ಕೋರ್ಟು ಅಲ್ಲಿದೆಯಂತೆ. ಗಡಿಯಾರದ ಗೋಪುರ ಹೊತ್ತ 'ಶಾಂತಿ ಅರಮನೆ'ಯ ಒಳಗಂತೆ! ಮಗಳು ಕಳಿಸಿದ ಅದರ ಫೋಟೊ ನೋಡಲು, ಜಗಳ ತಂದವರೂ ಅರ್ಧಕ್ಕೇ ಎದ್ದು ಪಂಚಶೀಲಾಳ ಬಾಗಿಲಿಗೆ ಹೋಗುತ್ತಿದ್ದರು.

"ಎಷ್ಟು ಛಂದ ಅದರಿ!" ಎಂದು ಪಕ್ಕದ ಮನೆಯ ಶಮೀಮ ಅಂದರೆ, "ಯಾಕ, ಬೀದರ ಕಿಲ್ಲಾ ನೋಡಿಲ್ಲೇನು ನೀ?" ಎನ್ನುವಳು ಕೇಶರಬಾಯಿ.

ರಜೆಗೆ ಬಂದ ಮಹಾಮಾಯಾಳನ್ನು ಕೆಣಕಿದಳು: "ನಿಮ್ಮ ಅರಮನಿಗಿ ಒಬ್ಬರು ಬರಂಗಿಲ್ಲ ಅಂದ್ರ ಎಳಕೊಂಡು ತರ್ತಾರೇನು?"

"ಇಲ್ಲ ದೊಡ್ಡವ್ವ. ದೇಶದೇಶದ ಜಗಳ ಅಲ್ಲೇನು, ಇಬ್ಬರೂ ಒಪ್ಪಿರಬೇಕು. ಥೇಟ್ ನಿನ್ನ ಕಟ್ಟಿ ಹಂಗೇ."

ಹಿಗ್ಗಬೇಕಾದ ಮಾತು. ಕೇಶರಬಾಯಿಗೆ ಮಾತ್ರ ತನ್ನ ಕಟ್ಟೆಯನ್ನು ಯಾರೋ ಕದ್ದೊಯ್ದು ಮೇಲೆ ಗೋಪುರ ಎಬ್ಬಿಸಿದಂತೆ ಉರಿಯಿತು.

ಹುಡುಗಿ ತಿರುಗಿ ಹೋದ ಮೇಲೆ ಪಂಚಶೀಲಾಳ ಜೊತೆ ತಗಾದೆ ತೆಗೆದಳು. ಕಟ್ಟೆ ನನ್ನದು, ನಡುವೆ ಗೋಡೆ ಹಾಕಿಸುತ್ತೇನೆ, ನಿನ್ನ ಮಂದಿ ಕಾಲಿಡಬಾರದು! ನ್ಯಾಯಕ್ಕೆ ಯಾರ ಹೆಸರು ಹೇಳಿದರೂ ಒಪ್ಪಲಿಲ್ಲ. ಕೊನೆಗೆ ಗಲ್ಲಿಯವರೆದುರು ಪಂಚಶೀಲಾ ಅಂದಳು: "ಅಕ್ಕಾ, ನೀನೇ ಹೇಳು. ಏನು ಹೇಳಿದ್ರೂ ನಾ ಒಪ್ತೇನಿ."

ಕೇಶರಬಾಯಿ ತಬ್ಬಿಬ್ಬಾದಳು. ಕಟ್ಟೆಯ ಜಾಗ ಪಂಚಶೀಲಾಳ ಗಂಡ ಗೋರಖನಾಥನ ಪಾಲಿನದು, ಕಲ್ಲು ಹೊತ್ತವನೂ ಅವನೇ ಎಂಬುದು ಎಲ್ಲರಿಗೂ ಗೊತ್ತು. ತನ್ನ ಕಡೆ ಹೇಳಿಕೊಂಡರೆ ಕಟ್ಟೆ ಉಳಿದೀತು. ಅಲ್ಲಿಗೆ ನ್ಯಾಯ ಕೇಳಲು ಇನ್ನು ಯಾರು ಬಂದಾರು?

"ಕಟ್ಟಿ ನಿಂದು," ಎಂದಳು. ಆಮೇಲೆ ಶಮೀಮಳತ್ತ ತಿರುಗಿ, "ಆ ಅರಮನಿ ಮಂದಿ ತಮ್ಮ ಮ್ಯಾಲೇ ಹಿಂಗ ತೀರ್ಪು ಕೊಟ್ಟಾರೇನು, ಕೇಳು ಹೋಗು!"

"ಹಂಗಾದ್ರೂ ಕಟ್ಟಿ ಮ್ಯಾಲ ನೀನೇ ಕೂಡು ಅಕ್ಕಾ. ನಾ ಬ್ಯಾಡ ಅಂದೇನೇನು?" ಎಂದಳು ಪಂಚಶೀಲಾ.

ಸೋತದ್ದಕ್ಕಿಂತ ಆ ಮಾತೇ ಹೆಚ್ಚು ಸುಟ್ಟಿತು. ಓರಗಿತ್ತಿಯ ಎರವಲು ಕಟ್ಟೆಯ ಮೇಲೆ ಕೇಶರಬಾಯಿ ಕೂರುವುದುಂಟೆ? ಭಾಲ್ಕಿಯ ತಮ್ಮನ ಮನೆಗೆಂದು ಗಂಟು ಕಟ್ಟಿದಳು. ಸೆರಗು ಹಿಡಿದು ಅಳುತ್ತಿದ್ದ ಪಂಚಶೀಲಾಳ ಕೈ ಬಿಡಿಸಿಕೊಂಡು, ಕಟ್ಟೆ ತುಳಿಯದೆ, ಹಿತ್ತಲ ಬಾಗಿಲಿನಿಂದ ಬಸ್ಸಿಗೆ ನಡೆದಳು.