ಕೈತಾನನ ಅಭಿಮಾನಿ ಕನ್ಯೆ ನೋಡಲು ಹೋದದ್ದು

ಯಮನೂರನ ಕತೆ ಹೇಳಬೇಕೆಂದರೆ ಮೊದಲು ಕೈತಾನನ ಕತೆ ಹೇಳಬೇಕು. ಕೈತಾನ ಗೋವೆಯ ವಾಸ್ಕೋದ ಫುಟ್‌ಬಾಲ್ ಆಟಗಾರ. ಯಮನೂರ ನರಗುಂದದ ಕಡೆಯಿಂದ ಬಂದು ಅದೇ ವಾಸ್ಕೋದ ಬಂದರದಲ್ಲಿ ಮೂಟೆ ಹೊರುವವ. ಇಬ್ಬರೂ ಒಂದು ದಿನವೂ ಮಾತಾಡಿದವರಲ್ಲ. ಆದರೂ ಬಂದರದ ಹತ್ತಿರ ಸಡಾದಲ್ಲಿರುವ ನಮ್ಮ ಓಣಿಯಲ್ಲಿ ಯಮನೂರ ಮಾತು ತೆಗೆದರೆ ಕೈತಾನ ಇವನ ಜೊತೆಗೇ ಉಂಡು ಮಲಗಿದವನೇನೋ ಅನ್ನಿಸಬೇಕು. ಆಟವಿದ್ದ ದಿನ ಮೈದಾನದಲ್ಲಿ ಇವನ ಕೊಂಕಣಿ ಬೈಗುಳ ಕೇಳಿ ಗೋವೆಯವರೇ ತಿರುಗಿ ನೋಡುತ್ತಿದ್ದರು. ಕೈತಾನ ಒಂದು ಕಿವಿಗೆ ಹರಳು ಹಾಕಿಕೊಂಡ, ಇವನೂ ಹಾಕಿಕೊಂಡ.

೨೦೦೬ರಲ್ಲಿ ಒಂದು ಪಂದ್ಯದ ನಡುವೆ ಕೋಚ್ ಹೊರಗೆ ಕರೆದದ್ದಕ್ಕೆ ಕೈತಾನನಿಗೆ ಸಿಟ್ಟು ಬಂತು. ಅಂಗಿ ಬಿಚ್ಚಿ ನೆಲಕ್ಕೆ ಒಗೆದ. ಆಗಿದ್ದು ಇಷ್ಟೇ. ಮರುದಿನದಿಂದ ಕೇಬಲ್ ಟಿವಿಯಲ್ಲಿ ಮೂವರು ಕೋಟು ಹಾಕಿಕೊಂಡು ಕೂತರು. ಆ ಹೊಟ್ಟೆಗಳನ್ನು ನೋಡಿದರೆ ಅವರು ಹುಟ್ಟಿದಾಗಿನಿಂದ ಒಂದು ಚೆಂಡನ್ನೂ ಒದ್ದವರಲ್ಲ ಎಂದು ಯಾರಾದರೂ ಹೇಳಬಹುದಿತ್ತು. ಒಬ್ಬ ಕೈತಾನನಿಗೆ ಸಂಸ್ಕಾರವಿಲ್ಲ ಅಂದ. ಇನ್ನೊಬ್ಬ ಅವನು ಯಾವುದೋ ಪಾರ್ಟಿಯಲ್ಲಿ ಕುಣಿದ ಫೋಟೋ ತೋರಿಸಿ, ನಮ್ಮ ಮಕ್ಕಳಿಗೆ ಇವನು ಏನು ಕಲಿಸುತ್ತಾನೆ ಎಂದು ಕೇಳಿದ. ಮೂರನೆಯ ಮಹಾಶಯನಿಗೆ ಆ ಕಿವಿಯ ಹರಳಿನಲ್ಲೇ ಅಹಂಕಾರ ಕಂಡಿತು. ನಮ್ಮಜ್ಜ ಎರಡೂ ಕಿವಿಗೆ ಬಂಗಾರದ ಮುರುವು ಹಾಕಿಕೊಂಡೇ ಹೊಲ ಉತ್ತವನು. ಅವನ ಅಹಂಕಾರ ಯಾರಿಗೂ ಕಾಣಲಿಲ್ಲ, ಯಾಕೆಂದರೆ ಆಗ ಟಿವಿ ಇರಲಿಲ್ಲ.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನಕ್ಕೆ ನಮ್ಮ ಓಣಿಯಲ್ಲೇನೂ ಬರವಿಲ್ಲ. ಹೋದ ವರ್ಷ ಕೈತಾನನ ತಂಡ ಕಪ್ ಗೆದ್ದಾಗ ಬೀದಿಯಲ್ಲಿ ಕುಣಿದವರೇ ಈಗ ಇಮಾಮಹುಸೇನನ ಚಹಾದಂಗಡಿಯಲ್ಲಿ ಕೂತು ಕೈತಾನನ ನಡತೆಯ ವಿಚಾರಣೆ ಶುರುಮಾಡಿದರು. ಅವರ ಸ್ವಂತ ನಡತೆಯ ವಿಚಾರವನ್ನು ಅವರವರ ಹೆಂಡಂದಿರನ್ನು ಕೇಳಬೇಕು. ಯಮನೂರ ಒಬ್ಬನೇ ಎದುರು ನಿಂತ.

“ಅವ ಅಂಗಿ ಒಗದ್ರ ನಿಮ್ಮ ಮನಿ ಗಂಟು ಏನ್ ಹೋತು? ಗೋಲ್ ಹೊಡದಾಗ ಹೊತ್ತು ಕುಣದವ್ರು ನೀವ ಅಲ್ಲೇನು?” ಎಂದು ಜಗಳಕ್ಕೇ ಬಿದ್ದ.

ಅವತ್ತು ಮಾತ್ರ ಈ ಹುಡುಗನ ಬಗ್ಗೆ ನನಗೆ ಹೆಮ್ಮೆ ಅನ್ನಿಸಿತು.

ಅದೇ ದಿನಗಳಲ್ಲಿ ಅವನು ಒಬ್ಬ ಕನ್ಯೆಯನ್ನು ಮೆಚ್ಚಿಕೊಂಡ. ಫೋಂಡಾದ ಮಂಗಲಾ, ಗೇರುಬೀಜದ ಕಾರ್ಖಾನೆಯಲ್ಲಿ ಕೆಲಸ. ಝುವಾರಿನಗರದ ಒಂದು ಮದುವೆಯಲ್ಲಿ, ಹೆಂಗಸರ ಪಂಕ್ತಿಗೆ ನುಗ್ಗಿದ ಗಂಡಸರನ್ನು ಅವಳು ಗದರಿಸಿ ಎಬ್ಬಿಸಿದ್ದನ್ನು ಯಮನೂರ ನೋಡಿದ್ದ. ಮದುವೆಯಾದರೆ ಇವಳನ್ನೇ ಆಗುತ್ತೇನೆ, ಇಲ್ಲದಿದ್ದರೆ ಮದುವೆಯೇ ಬೇಡ ಎಂದು ಹಟ ಹಿಡಿದ. ಅವನಿಗೆ ತಂದೆಯಿಲ್ಲ. ಹಾಗಾಗಿ ಒಂದು ಭಾನುವಾರ ಅವನ ತಾಯಿ ಚಂದವ್ವನ ಜೊತೆ ಹಿರಿಯ ಅಂತ ನಾನೂ ಹೊರಟೆ. ಅವತ್ತು ಕೈತಾನನ ಆಟವಿತ್ತು. ಅದನ್ನೂ ಬಿಟ್ಟು ಬಂದಿದ್ದ ಎಂದರೆ ಅವನ ಆಸೆ ಎಷ್ಟಿರಬೇಕು ನೋಡಿ.

ಮಂಗಲಾಳ ಸೋದರಮಾವ ಅಪ್ಪಾಸಾಬ ಕಟ್ಟಡದ ಮೇಸ್ತ್ರಿ. ಆ ಮನೆಯಲ್ಲಿ ಅವನದೇ ಮಾತು. ಬೆಳಗಿನ ಹೊತ್ತಿಗೇ ಬಾಯಿಂದ ಫೆನಿ ಸಾರಾಯಿಯ ವಾಸನೆ ಬರುತ್ತಿತ್ತು. ಟಿವಿಯಲ್ಲಿ ಅದೇ ಮೂರು ಕೋಟುಗಳು. ಅವಲಕ್ಕಿ ಬಂತು. ಮಂಗಲಾ ಚಹಾ ತಂದಿಟ್ಟು ಬಾಗಿಲ ಹತ್ತಿರ ಚಾಪೆಯ ಮೇಲೆ ಕೂತಳು. ಅಪ್ಪಾಸಾಬ ಊರು, ಕೆಲಸ ಏನನ್ನೂ ಕೇಳದೆ ಹುಡುಗನ ಕಿವಿಯನ್ನೇ ನೋಡಿದ.

“ಆ ಕೈತಾನನ ಮಂದಿಯೇನು ನೀ? ಅವ ಹಿರ್ಯಾರಿಗೆ ಮರ್ಯಾದಿ ಕೊಡೂದಿಲ್ಲಂತ. ಕುಡಿತಾನಂತ. ಟಿವ್ಯಾಗ ದಿನಾ ಹೇಳಾಕತ್ತಾರ. ಅಂಥವನ ಬೆನ್ನ ಹತ್ತಿದವಗ ನಮ್ಮ ಹುಡುಗೀನ ಹೆಂಗ ಕೊಡೂದು?”

ಕುಡಿತದ ವಿಚಾರ ಹೇಳುವ ಬಾಯಿ ನೋಡಿ. ಯಮನೂರ ಈಗ ಸಿಡಿಯುತ್ತಾನೆ ಎಂದುಕೊಂಡು ನಾನು ಏಳುವ ತಯಾರಿಯಲ್ಲೇ ಅವಲಕ್ಕಿ ತಟ್ಟೆ ಕೆಳಗಿಟ್ಟೆ. ಅವನು ಬಾಗಿಲ ಕಡೆ ಒಮ್ಮೆ ನೋಡಿದ. ಆಮೇಲೆ ಕಿವಿಯ ಹರಳು ತೆಗೆದು ಕಿಸೆಗೆ ಹಾಕಿಕೊಂಡ.

“ಖರೇ ಐತ್ರಿ ಕಾಕಾರ. ಭಾಳ ಕೆಟ್ಟ ಮನಶ್ಯಾ ಅವ. ನಾ ಎಂದೋ ಬಿಟ್ಟೇನ್ರಿ ಅವನ್ನ. ಅಂಥವನ ಕಾಲ ಮುರದ್ರೂ ಚಲೋನ ಆತು.”

ಅಷ್ಟಕ್ಕೇ ನಿಲ್ಲಿಸಲಿಲ್ಲ. ಕೈತಾನ ದುಡ್ಡು ತಿಂದು ಸೋಲುತ್ತಾನೆ, ಹೆತ್ತ ತಾಯಿಗೂ ಅನ್ನ ಹಾಕುವುದಿಲ್ಲ ಎಂದು ಆ ಮೂರು ಕೋಟುಗಳಿಗೂ ಹೊಳೆಯದ ಸುಳ್ಳುಗಳನ್ನು ಅಲ್ಲೇ ಹೆಣೆದು ಹೇಳಿದ. ಅಪ್ಪಾಸಾಬ ಖುಷಿಯಾಗಿ ಇನ್ನಷ್ಟು ಅವಲಕ್ಕಿ ತರಿಸಿದ. ಚಂದವ್ವನ ಮುಖ ಅರಳಿತು. ನನಗೆ ಅಸಹ್ಯವಾಯಿತು.

“ಏನವಾ, ನಿಂದ ಒಪ್ಪಿಗಿ ಐತಿಲ್ಲೋ?” ಎಂದು ಅಪ್ಪಾಸಾಬ ಶಾಸ್ತ್ರಕ್ಕೆ ಕೇಳಿದ.

ಮಂಗಲಾ ಯಮನೂರನನ್ನು ನೇರವಾಗಿ ನೋಡಿದಳು.

“ಅವ ನಿಮಗ ಏನರ ಕೆಟ್ಟದ್ದು ಮಾಡಿದ್ನೇನ್ರಿ?”

“ನನಗೇನ್ ಮಾಡ್ತಾನ್ರಿ ಅವ? ಏನಿಲ್ಲ.”

“ಮತ್ತ ಕಾಲ ಮುರೀಲಿ ಅಂದ್ರಿ?”

“ಟಿವ್ಯಾಗ ಅಂದ್ರು. ಎಲ್ಲಾರೂ ಅನ್ನಾಕತ್ತಾರ.”

“ನನಗ ಫುಟ್‌ಬಾಲ್ ತಿಳಿಯೂದಿಲ್ರಿ. ಆದ್ರ ನಾ ಕಾರ್ಖಾನ್ಯಾಗ ದುಡಿಯಾಕಿ. ಹೊರಗ ದುಡಿಯಾಕಿ ಮ್ಯಾಲೆ ಮಂದಿ ಮಾತಾಡ್ತಾರ. ನಾಳೆ ನನ್ನ ಮ್ಯಾಲೂ ಯಾರರ ಏನರ ಅಂದ್ರ, ಅವತ್ತೂ ನೀವು ಅವರ ಕೂಡೇ ದನಿ ಹಚ್ಚಾವ್ರು. ನನಗ ಒಪ್ಪಿಗಿ ಇಲ್ಲ.”

ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಅಪ್ಪಾಸಾಬ ಎರಡು ಸಲ ಕೂಗಿದರೂ ಹೊರಗೆ ಬರಲಿಲ್ಲ.

ಬಸ್ ನಿಲ್ದಾಣದವರೆಗೂ ಯಮನೂರ ತಲೆ ಎತ್ತಲಿಲ್ಲ. ಕಣ್ಣು ತುಂಬಿಕೊಂಡಿದ್ದವು. ಚಂದವ್ವನ ಸಿಟ್ಟು ಮಾತ್ರ ಇಳಿದಿರಲಿಲ್ಲ.

“ಹೆಣ್ಣಿಗೆ ಇಷ್ಟು ಸೊಕ್ಕ ಇರಬಾರದು. ಬಾಯಿ ನೋಡಿದ್ಯಾ ಆಕೀದು? ಹಂತಾಕಿ ನಮ್ಮ ಮನಿಗೆ ಬರಲಿಲ್ಲ, ಚಲೋನ ಆತು. ಏನಂತಿಯೋ?”

ಇವನು ಒಂದು ಮಾತು ಎದುರಾಡಲಿ, ಒಂದೇ ಒಂದು ಮಾತು, ಎಂದು ನಾನು ಕಾದೆ. ಯಮನೂರ ಅವ್ವನ ಮುಖ ನೋಡಿದ, ನನ್ನ ಮುಖ ನೋಡಿದ.

“ಹೌದವಾ,” ಅಂದ, “ಭಾಳ ಸೊಕ್ಕು ಆಕೀಗೆ.”